ಸೇನೆಯಲ್ಲಿ ಮಾಡಿದ ಕೆಲಸವನ್ನು ಸಂದರ್ಶನದಲ್ಲಿ ಹೇಳುವುದು ಹೇಗೆ?

ನರಸಾಪುರ, ವೇಮಗಲ್, ಮಾಲೂರಿನ ಕಾರ್ಖಾನೆಗಳಿಗೆ ಶಿಫ್ಟ್ ಮೇಲ್ವಿಚಾರಕರು, ಗೋದಾಮು ನೋಡಿಕೊಳ್ಳುವವರು, ವಾಹನಗಳ ಉಸ್ತುವಾರಿಗಳು ಬೇಕೇ ಬೇಕು. ನಲವತ್ತರ ಆಸುಪಾಸಿನಲ್ಲೇ ನಿವೃತ್ತರಾಗಿ ಕೋಲಾರದ ಹಳ್ಳಿಗಳಿಗೆ ಮರಳುವ ಹವಾಲ್ದಾರರಲ್ಲಿ ಇಂಥ ಕೆಲಸ ವರ್ಷಗಟ್ಟಲೆ ಮಾಡಿದವರಿದ್ದಾರೆ. ಆದರೂ ಅವರಿಗೆ ಮೊದಲು ತೋರಿಸುವುದು ಗೇಟಿನ ಸೆಕ್ಯುರಿಟಿ ಕೆಲಸವನ್ನೇ. ಆ ಕೆಲಸ ಕೀಳಲ್ಲ. ಆದರೆ ಲೆಕ್ಕ ತಪ್ಪದಂತೆ ಸ್ಟೋರ್ ನಡೆಸಿದವರಿಗೆ ಅದೊಂದೇ ದಾರಿ ಎಂದರೆ ನಷ್ಟ ಕಾರ್ಖಾನೆಗೂ ಹೌದು. ಸಂದರ್ಶನ ಮಾಡುವವರಿಗೆ ಸೇನೆಯ ಒಳಗಿನ ಕೆಲಸ ಗೊತ್ತಿರುವುದು ಅಪರೂಪ; ತಿಳಿಸಿ ಹೇಳಬೇಕಾದವರು ನೀವೇ.

ಮೊದಲು ನಿಮ್ಮ ಸೇವೆಯ ವಿವರವಿರುವ ಡಿಸ್ಚಾರ್ಜ್ ಪುಸ್ತಕ ಮುಂದಿಟ್ಟುಕೊಂಡು ಕುಳಿತುಕೊಳ್ಳಿ. ಮನೆಯಲ್ಲಿ ಓದಿದ ಮಗಳೋ ತಮ್ಮನೋ ಇದ್ದರೆ ಪೆನ್ನು ಅವರ ಕೈಗೆ ಕೊಡಿ. ನೀವು ಹೇಳಿ, ಅವರು ಬರೆಯಲಿ, ಅರ್ಥವಾಗದ ಕಡೆ ತಡೆದು ಕೇಳಲಿ. ಪ್ರತಿ ಹುದ್ದೆಯ ಪಕ್ಕದಲ್ಲಿ ಕೈಕೆಳಗೆ ಎಷ್ಟು ಜನರಿದ್ದರು, ಯಾವ ಸಾಮಾನಿನ ಹೊಣೆ ಇತ್ತು, ಯಾರಿಗೆ ಲೆಕ್ಕ ಒಪ್ಪಿಸಬೇಕಿತ್ತು ಎಂಬುದು ಬರಲಿ. ‘ಸೆಕ್ಷನ್ ಕಮಾಂಡರ್ ಆಗಿದ್ದೆ’ ಎಂದಷ್ಟೇ ಹೇಳಿದರೆ ಎದುರಿನವರಿಗೆ ಏನೂ ತಿಳಿಯುವುದಿಲ್ಲ. ‘ಹತ್ತು ಜನರ ತಂಡದ ತರಬೇತಿ, ಶಿಸ್ತು, ಕ್ಷೇಮ ನನ್ನ ಹೊಣೆಯಾಗಿತ್ತು’ ಎಂದರೆ ತಿಳಿಯುತ್ತದೆ.

ಮುಂದಿನದು ಎಲ್ಲಕ್ಕಿಂತ ಮುಖ್ಯ. ಶಿಸ್ತು, ಸಮಯಪಾಲನೆ, ನಾಯಕತ್ವ ಎಂದು ಬರೆಯದ ಅರ್ಜಿಯೇ ಇಲ್ಲ; ಆ ಪದಗಳಿಗೆ ತೂಕ ಬರುವುದು ನಡೆದ ಸಂಗತಿಯಿಂದ. ಲಂಗರಿನ, ಅಂದರೆ ಸೇನೆಯ ಅಡುಗೆಮನೆಯ, ಹೊಣೆ ಹೊತ್ತಿದ್ದವರು ಹೀಗೆ ಹೇಳಬಹುದು: ‘ಹಿಮ ಬಿದ್ದು ರಸ್ತೆ ಮುಚ್ಚಿತು, ಪಡಿತರದ ಲಾರಿ ಬರಲಿಲ್ಲ. ಇದ್ದ ದಾಸ್ತಾನು ಎಣಿಸಿ, ಬೇಗ ಕೆಡುವ ತರಕಾರಿಯನ್ನು ಮೊದಲು ಅಡುಗೆಗೆ ಕೊಟ್ಟೆ. ದಿನವೂ ಸಂಜೆ ಉಳಿಕೆ ಎಷ್ಟೆಂದು ಸುಬೇದಾರ್ ಸಾಹೇಬರಿಗೆ ಬರೆದುಕೊಟ್ಟೆ. ರಸ್ತೆ ತೆರೆಯುವವರೆಗೂ ಯಾರ ಊಟವೂ ತಪ್ಪಲಿಲ್ಲ.’ ಗೋದಾಮಿನ ವ್ಯವಸ್ಥಾಪಕರು ಹುಡುಕುವ ಗುಣಗಳೆಲ್ಲ ಇಷ್ಟರಲ್ಲೇ ಇವೆ. ಇಂಥ ಮೂರು ಸಂಗತಿಗಳು ನಾಲಿಗೆಯ ತುದಿಯಲ್ಲಿರಲಿ. ಎಲ್ಲವನ್ನೂ ತಂಡಕ್ಕೆ ಒಪ್ಪಿಸಿಬಿಡುವುದು ಸೈನಿಕರ ದೊಡ್ಡತನ. ಇಲ್ಲಿ ನಿಮ್ಮ ಪಾಲೇನು ಎಂಬುದನ್ನೂ ಸಂಕೋಚವಿಲ್ಲದೆ ಹೇಳಬೇಕು. ಸೇನಾ ನೆಲೆಯ ಜಾಗ, ಕಾರ್ಯಾಚರಣೆಯ ವಿವರ ಮಾತ್ರ ಬೇಡ.

‘ನಿಮಗಿಂತ ಚಿಕ್ಕವರ ಕೆಳಗೆ ಕೆಲಸ ಮಾಡುತ್ತೀರಾ?’ ಎಂದು ಕೇಳಿಯೇ ಕೇಳುತ್ತಾರೆ. ಬೇಸರಪಡಬೇಡಿ, ಇದಕ್ಕೆ ನಿಮ್ಮಷ್ಟು ಚೆನ್ನಾಗಿ ಉತ್ತರಿಸಬಲ್ಲವರು ಇಲ್ಲ. ಇಪ್ಪತ್ತೆರಡು ಇಪ್ಪತ್ಮೂರರ ಲೆಫ್ಟಿನೆಂಟ್‌ಗೆ ನಲವತ್ತು ದಾಟಿದ ಸುಬೇದಾರರು ಸೆಲ್ಯೂಟ್ ಹೊಡೆಯುತ್ತಾರೆ, ಕೆಲಸವನ್ನೂ ಕಲಿಸುತ್ತಾರೆ. ಅದನ್ನೇ ಹೇಳಿ. ಸೇನೆಯವರಿಗೆ ಆಜ್ಞೆ ಮಾಡುವುದಷ್ಟೇ ಗೊತ್ತು ಎಂಬ ಅನುಮಾನವೂ ಇರುತ್ತದೆ. ಭಾಷೆಯೇ ಬರದ ಹೊಸ ಸೈನಿಕನಿಗೆ ಕೆಲಸ ಕಲಿಸಿದ್ದು, ಬ್ಯಾರಕ್‌ನ ಜಗಳ ಬಿಡಿಸಿದ್ದು, ಊರಿನ ಚಿಂತೆಯಲ್ಲಿ ಕುಗ್ಗಿದವನ ಜೊತೆ ಕುಳಿತು ಮಾತಾಡಿದ್ದು, ಇವನ್ನು ಹೇಳಿ. ಬೇರೆ ಬೇರೆ ಊರುಗಳಿಂದ ಬಂದ ಹುಡುಗ ಹುಡುಗಿಯರು ಮೂರು ಪಾಳಿಯಲ್ಲಿ ದುಡಿಯುವ ಕಾರ್ಖಾನೆಗೆ ಬೇಕಾದದ್ದು ಇದೇ.

ಕಂಪ್ಯೂಟರ್‌ನಲ್ಲಿ ಲೆಕ್ಕ ಇಡಲು ಬಾರದಿದ್ದರೆ ಕಲಿತುಬಿಡಿ. ಇನ್ನೂ ಸೇವೆಯಲ್ಲಿರುವವರು ನಿವೃತ್ತಿಗೆ ಮೊದಲೇ ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯದ ತರಬೇತಿಗಳನ್ನು ವಿಚಾರಿಸಬೇಕು. ನಿವೃತ್ತರಾಗಿ ಬಂದವರು ರಾಜ್ಯದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. 2022ರಲ್ಲಿ ಆರಂಭವಾದ ಅಗ್ನಿಪಥ ಯೋಜನೆಯಲ್ಲಿ ನಾಲ್ಕು ವರ್ಷ ಮುಗಿಸಿ ಬರುವ ಹುಡುಗರಿಗೂ ಈ ತಯಾರಿ ಬೇಕು. ಅವರಿಗೆ ಪಿಂಚಣಿಯೂ ಇಲ್ಲ.

ಕೊನೆಗೆ ಸಂಬಳ. ‘ಹೇಗೂ ಪಿಂಚಣಿ ಬರುತ್ತದಲ್ಲ’ ಎಂದು ಕಡಿಮೆ ಹೇಳಿದರೆ ಒಪ್ಪಿಕೊಳ್ಳಬೇಡಿ. ಪಿಂಚಣಿ ಮಾಡಿದ ಸೇವೆಗೆ ಸಂದದ್ದು. ಆ ಹುದ್ದೆಯಲ್ಲಿರುವ ಬೇರೆಯವರಿಗೆ ಎಷ್ಟು ಸಿಗುತ್ತದೆಂದು ಮೊದಲೇ ವಿಚಾರಿಸಿಕೊಂಡು ಹೋಗಿ, ಅಷ್ಟನ್ನೇ ಕೇಳಿ.