ಲಾಲಾರಸ ಗ್ರಂಥಿಯ ಅಪರೂಪದ ಕ್ಯಾನ್ಸರ್: ಮನೆಯವರಿಗೆ
ಬಯಾಪ್ಸಿ ವರದಿಯಲ್ಲಿ ‘ಅಡಿನಾಯ್ಡ್ ಸಿಸ್ಟಿಕ್ ಕಾರ್ಸಿನೋಮ’ ಎಂದಿದ್ದರೆ, ನರಕ್ಕೂ ಹಬ್ಬಿದೆಯೇ ಎಂದು ಮೊದಲು ಕೇಳಿ. ನರದ ಗುಂಟ ಹರಿಯುವುದು ಇದರ ಚಾಳಿ. ಎಂಆರ್‌ಐ ಮಾಡಿಸುವುದು ಅದಕ್ಕೇ. ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ, ಬಳಿಕ ಸುಮಾರು 6 ವಾರ ವಿಕಿರಣ.

ವಿಕಿರಣಕ್ಕೆ ಮುನ್ನ ದಂತವೈದ್ಯರನ್ನು ಕಾಣಲೇಬೇಕು. ಕೀಳಬೇಕಾದ ಹಲ್ಲನ್ನು ಆಗಲೇ ಕೀಳಿಸಿ; ಆಮೇಲೆ ಕಿತ್ತರೆ ದವಡೆಯ ಮೂಳೆ ಕೊಳೆಯುವ ಅಪಾಯವಿದೆ. ಬಾಯಿ ಒಣಗಿ ಉರಿಯುವಾಗ ನಮ್ಮ ಮಂಡ್ಯದ ಉಪ್ಪುಸಾರಿನ ಖಾರ ಖಂಡಿತ ಬೇಡ. ಅಪ್ಪನಿಗೆ ತಣ್ಣಗಾದ ರಾಗಿ ಅಂಬಲಿಯನ್ನು ಹುಳಿಯಿಲ್ಲದೆ, ತೆಳ್ಳಗೆ ಕೊಡುತ್ತಿದ್ದೆ. ‘ಮುದ್ದೆ ಎಲ್ಲಿ?’ ಎಂದು ಗೊಣಗಿಯೇ ಕುಡಿಯುತ್ತಿದ್ದರು.

5 ವರ್ಷ ಕಳೆಯಿತೆಂದು ತಪಾಸಣೆ ಬಿಡಬೇಡಿ. ನಿಧಾನದ ರೋಗವಿದು, 10 ವರ್ಷದ ಮೇಲೂ ಶ್ವಾಸಕೋಶದಲ್ಲಿ ಕಾಣಿಸಿಕೊಳ್ಳಬಹುದು. ಹಾಗಾದರೂ ಕೆಲವರು ವರ್ಷಗಟ್ಟಲೆ ಗದ್ದೆ ಕೆಲಸ ಮಾಡಿಕೊಂಡಿರುತ್ತಾರೆ. ಬಯಾಪ್ಸಿಯ ಸ್ಲೈಡ್ (ಗಾಜಿನ ಮೇಲಿಟ್ಟ ತೆಳು ಪದರ), ಬ್ಲಾಕ್‌ಗಳನ್ನು (ಮೇಣದಲ್ಲಿ ಹುದುಗಿಸಿಟ್ಟ ತುಣುಕು) ಆಸ್ಪತ್ರೆಯಿಂದ ಕೇಳಿ ಪಡೆದು ಜೋಪಾನವಾಗಿಡಿ. ಎರಡನೆಯ ಅಭಿಪ್ರಾಯಕ್ಕೆ ಬೇಕಾಗುತ್ತವೆ.