ಮೊದಲ ಕ್ಯಾಂಪಿಂಗ್‌ಗೆ ನಾನು ರೆಡಿ ಆಗಿದ್ದು ಹೀಗೆ

ಕ್ಯಾಂಪಿಂಗ್ ಹೋಗ್ತೀನಿ ಅಂದ ತಕ್ಷಣ ಎಲ್ರೂ ಕೇಳಿದ್ದು ಯಾವ ಟೆಂಟ್ ತಗೊಂಡೆ ಅಂತ. ನಾನು ಟೆಂಟ್ ಬಾಡಿಗೆಗೆ ತಂದು ದುಡ್ಡೆಲ್ಲ ಕೆಳಗೆ ಹಾಸೋ ಮ್ಯಾಟ್‌ಗೆ ಹಾಕ್ದೆ. ಸ್ಲೀಪಿಂಗ್ ಬ್ಯಾಗ್ ಎಷ್ಟೇ ದಪ್ಪ ಇರ್ಲಿ, ನಾವು ಮಲಗಿದ ಕಡೆ ಅದು ಮೈಭಾರಕ್ಕೆ ಅಪ್ಪಚ್ಚಿ ಆಗುತ್ತೆ, ಒಳಗಿರೋ ಗಾಳಿ ಹೋಗುತ್ತೆ, ಬೆಚ್ಚಗಿಡೋದೇ ಆ ಗಾಳಿ ಆಗಿರೋದ್ರಿಂದ ಬೆನ್ನಿಗೆ ನೇರವಾಗಿ ನೆಲದ ತಂಡಿ ಹೊಡಿಯುತ್ತೆ. ಮ್ಯಾಟ್ ಮೇಲೆ ಆರ್-ವ್ಯಾಲ್ಯೂ ಅಂತ ನಂಬರ್ ಇರುತ್ತೆ, ನೆಲದ ತಂಡಿ ಎಷ್ಟು ತಡೆಯುತ್ತೆ ಅನ್ನೋ ಲೆಕ್ಕ ಅದು, ಜಾಸ್ತಿ ಇದ್ದಷ್ಟೂ ಒಳ್ಳೇದು, ಎರಡು ಮ್ಯಾಟ್ ಒಂದ್ರ ಮೇಲೊಂದು ಹಾಕಿದ್ರೆ ಎರಡರ ನಂಬರೂ ಕೂಡ್ಕೊಳುತ್ತೆ. ನಾನು ಮಾಡಿದ್ದೂ ಅದೇ, ಗಾಳಿ ತುಂಬೋ ಮ್ಯಾಟ್ ಕೆಳಗೆ ಒಂದು ತೆಳು ಫೋಮ್ ಶೀಟ್.

ಸ್ಲೀಪಿಂಗ್ ಬ್ಯಾಗ್ ಲೇಬಲ್‌ನಲ್ಲಿ ಕಂಫರ್ಟ್ ಅಂತ ಬರ್ದಿರೋ ಟೆಂಪರೇಚರ್ ಮಾತ್ರ ನೋಡ್ದೆ. ಎಕ್ಸ್‌ಟ್ರೀಮ್ ಅನ್ನೋದು ನಿದ್ದೆ ಮಾಡೋ ಲೆಕ್ಕ ಅಲ್ಲ, ಜೀವ ಉಳಿಸ್ಕೊಳೋ ಲೆಕ್ಕ, ಅಂಗಡಿಯವ್ರು ತೋರ್ಸೋದು ಮಾತ್ರ ಅದನ್ನೇ! ಹೋಗೋ ಜಾಗ ಕೆಳಗಿನ ಊರಿಗಿಂತ ಸುಮಾರು 1000 ಮೀಟರ್ ಎತ್ತರ ಇತ್ತು, ಅಷ್ಟಕ್ಕೆ ಸರಾಸರಿ ಆರೂವರೆ ಡಿಗ್ರಿ ಇಳಿಯುತ್ತೆ, ಹಾಗಾಗಿ ಊರಿನ ವೆದರ್ ನೋಡಿ ಅದ್ರಲ್ಲಿ ಅಷ್ಟು ಕಳೆದೆ.

ಟೆಂಟ್‌ನ ಮನೆ ಅಂಗಳದಲ್ಲೇ ಕತ್ತಲಾದ್ಮೇಲೆ ಬರೀ ಹೆಡ್‌ಲ್ಯಾಂಪ್ ಬೆಳಕಲ್ಲಿ ಹಾಕಿ ಒಂದು ರಾತ್ರಿ ಮಲಗ್ದೆ (ಪಕ್ಕದ್ಮನೆಯವ್ರು ಏನಂದ್ಕೊಂಡ್ರೋ). ಇದ್ರಲ್ಲೇ ಜಾಸ್ತಿ ಕಲ್ತಿದ್ದು. ಗೂಟ ಟೆಂಟಿಂದ ಆಚೆ ವಾಲೋ ಹಾಗೆ ಓರೆಯಾಗಿ ಹೊಡೆದ್ರೆ ಹಗ್ಗ ಎಳೆದ್ರೂ ಕಿತ್ಕೊಂಡು ಬರಲ್ಲ. ಕೆಳಗಿನ ಪ್ಲಾಸ್ಟಿಕ್ ಶೀಟ್ ಟೆಂಟಿಗಿಂತ ಸ್ವಲ್ಪ ಚಿಕ್ಕದಿರ್ಬೇಕು, ಹೊರಗೆ ಚಾಚ್ಕೊಂಡಿದ್ರೆ ಮಳೆನೀರು ಅದ್ರ ಮೇಲೆ ಬಿದ್ದು ಸೀದಾ ನಮ್ಮ ಅಡಿಗೇ ಬರುತ್ತೆ. ಬೆಳಿಗ್ಗೆ ಒಳಗಿನ ಬಟ್ಟೆ ಒದ್ದೆ ಇತ್ತು, ಸೋರಿದ್ದಲ್ಲ, ನಮ್ಮ ಉಸಿರೇ ತಣ್ಣಗಾಗಿ ನೀರಾಗಿರೋದು, ಹಾಗಾಗಿ ಚಳಿ ಇದ್ರೂ ಮೇಲಿನ ಕಿಂಡಿ ಮುಚ್ಬಾರ್ದು. ಇಬ್ಬರ ಟೆಂಟ್ ಅಂತ ಬರ್ದಿದ್ರೆ ಇಬ್ಬರು ಅಷ್ಟೇ, ಬ್ಯಾಗಿಗೆ ಜಾಗ ಇಲ್ಲ.

ಉಳಿದಿದ್ದು ಸಣ್ಣಪುಟ್ಟದು. ಮಲಗೋಕೆ ಅಂತ್ಲೇ ಒಂದು ಜೊತೆ ಒಣ ಬಟ್ಟೆ, ಸಾಕ್ಸ್ ಬೇರೆ ಕವರಲ್ಲಿ ಕಟ್ಟಿಟ್ಟೆ. ಹಳ್ಳದ ನೀರಾದ್ರೆ ಕೊತಕೊತ ಅಂತ ಒಂದು ನಿಮಿಷ ಕುದಿಸ್ಬೇಕು, 2000 ಮೀಟರ್ ದಾಟಿದ್ರೆ ಮೂರು ನಿಮಿಷ. ಪಾಯಿಖಾನೆಗೆ 15-20 ಸೆಂಟಿಮೀಟರ್ ಆಳದ ಗುಂಡಿ ತೋಡೋಕೆ ಸಣ್ಣ ಸಲಿಕೆ, ಅದೂ ನೀರಿಂದ 60 ಮೀಟರ್ ಆದ್ರೂ ದೂರ. ಸ್ಟವ್ ಮಾತ್ರ ಮಳೆ ಬಂದ್ರೂ ಟೆಂಟ್ ಒಳಗೆ ಹಚ್ಚೋದಿಲ್ಲ ಅಂತ ಮೊದ್ಲೇ ಮಾತಾಡ್ಕೊಂಡ್ವಿ, ಸ್ಟವ್‌ನಿಂದ ಬರೋ ಕಾರ್ಬನ್ ಮೊನಾಕ್ಸೈಡ್ ಅನ್ನೋ ವಿಷಗಾಳಿಗೆ ವಾಸನೇನೇ ಇಲ್ಲ, ಅದಕ್ಕೆ ಒಲೆ ಹಚ್ದೇನೇ ತಿನ್ಬಹುದಾದ ಒಂದು ಹೊತ್ತಿನ ಊಟ ಎಕ್ಸ್ಟ್ರಾ ಇಟ್ಕೊಂಡ್ವಿ.