ಹೊಸದಾಗಿ ನೇಯ್ದ ಹಳೇ ಕಾಲದ ಸೀರೆ: ಹುಡುಕುವುದು ಹೇಗೆ?

ಕೆಲವು ವರ್ಷಗಳ ಹಿಂದೆ ನಮ್ಮ ಹವ್ಯಾಸಿ ತಂಡ ಕ್ವಿಟ್ ಇಂಡಿಯಾ ಚಳವಳಿಯ ಕತೆಯೊಂದನ್ನು ನಾಟಕ ಮಾಡಿತು. ಕತೆ ನಡೆಯುವುದು ಧಾರವಾಡದ ಹತ್ತಿರದ ಹಳ್ಳಿಯಲ್ಲಿ, 1942ರಲ್ಲಿ. ಉಡುಪಿನ ಜವಾಬ್ದಾರಿ ನನ್ನದು. ಬಾಡಿಗೆ ಅಂಗಡಿಯವರು ಇಳಕಲ್ ಸೀರೆ ಅಂತ ಆರು ಸೀರೆ ಕೊಟ್ಟರು. ಲೈಟು ಬಿದ್ದ ಕೂಡಲೇ ಆರೂ ಪಳಪಳ ಹೊಳೆದವು. ನಾಟಕ ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ನನ್ನ ಕೈ ಹಿಡಿದು, "ಚೊಲೋ ಮಾಡೀರಿ ತಂಗಿ. ಆದ್ರ ನಮ್ಮವ್ವ ಇಂಥಾ ಸೀರಿ ಉಟ್ಟಿದ್ದು ನಾ ನೋಡಿಲ್ಲ" ಅಂದರು. ಮರುವರ್ಷ ಅದೇ ನಾಟಕ ಮತ್ತೆ ಆಡುವಾಗ ನಾನು ಬಾಡಿಗೆ ಅಂಗಡಿಗೆ ಹೋಗಲಿಲ್ಲ. ಇಳಕಲ್ಲಿಗೆ ಹೋದೆ.

ನಾಟಕ, ಕಿರುಚಿತ್ರ, ಶಾಲೆಯ ಕಾರ್ಯಕ್ರಮ, ಅಥವಾ ಅಜ್ಜಿಯ ಮದುವೆ ಫೋಟೊದಂತೆ ಉಡಬೇಕೆಂಬ ಆಸೆ, ಯಾವುದಕ್ಕಾದರೂ ಸರಿ, ಆ ಕಾಲದ ಬಟ್ಟೆ ಬೇಕು ಎಂದಾಗ ಟ್ರಂಕಿನಲ್ಲಿರುವ ಹಳೇ ಸೀರೆಯನ್ನೇ ತೆಗೆಯಬೇಡಿ. ಎಂಬತ್ತು ವರ್ಷದ ನೂಲು ಮಡಿಕೆಯಲ್ಲೇ ಸೀಳುತ್ತದೆ. ಅದನ್ನು ನೋಡಿ ಕಲಿಯಿರಿ, ಉಡಲು ಹೊಸದನ್ನು ನೇಯಿಸಿ. ಅಂಥ ಸೀರೆ ನೇಯುವ ಮಗ್ಗಗಳು ನಮ್ಮಲ್ಲಿ ಇನ್ನೂ ನಡೆಯುತ್ತಿವೆ. ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಸಾಕು.

ಮೊದಲು ವರ್ಷ, ಊರು, ಮನೆ ಗಟ್ಟಿ ಮಾಡಿಕೊಳ್ಳಿ

'ಹಳೇ ಕಾಲ' ಎಂಬ ಕಾಲ ಇಲ್ಲ. 1942ರ ಧಾರವಾಡದ ರೈತನ ಮನೆ ಬೇರೆ, ಅದೇ ವರ್ಷದ ಮೈಸೂರಿನ ವಕೀಲರ ಮನೆ ಬೇರೆ. ಮೈಸೂರು ರೇಷ್ಮೆ ಕಾರ್ಖಾನೆ ಶುರುವಾದದ್ದು 1912ರಲ್ಲಿ. ಹಾಗಾಗಿ ವಕೀಲರ ಹೆಂಡತಿಗೆ ಮೈಸೂರು ಸಿಲ್ಕ್ ಉಡಿಸಿದರೆ ಸರಿ. ನಮ್ಮ ರೈತನ ಹೆಂಡತಿಗೆ ಉಡಿಸಿದರೆ ತಪ್ಪು.

ಆಮೇಲೆ ಫೋಟೊ ಹುಡುಕಿ. ಎರಡು ವಿಷಯ ನೆನಪಿರಲಿ. ಸ್ಟುಡಿಯೊಗೆ ಹೋದವರು ಇದ್ದುದರಲ್ಲೇ ಒಳ್ಳೇ ಬಟ್ಟೆ ಹಾಕಿಕೊಂಡು ಹೋಗುತ್ತಿದ್ದರು, ದಿನದ ಬಟ್ಟೆ ಅಲ್ಲ. ಇನ್ನೊಂದು ಬಣ್ಣದ್ದು. ಹಳೇ ಫಿಲ್ಮುಗಳಲ್ಲಿ ಹಲವಕ್ಕೆ ಕೆಂಪು ಬಣ್ಣ ಹಿಡಿಯಲು ಬರುತ್ತಿರಲಿಲ್ಲ, ಕೆಂಪೆಲ್ಲ ಕಪ್ಪಾಗಿ ಬೀಳುತ್ತಿತ್ತು. ಫೋಟೊದಲ್ಲಿ ಕಪ್ಪು ಸೆರಗು ಕಂಡರೆ ಅದು ದಾಳಿಂಬೆ ಕೆಂಪು ಆಗಿರಬಹುದು. ಮನೆಯ ಹಿರಿಯರನ್ನು ಕೇಳಿ. ಅವರಿಗೆ ಸೀರೆಯ ಬಣ್ಣ ನೆನಪಿರುತ್ತದೆ.

ಹೊಲಿಗೆಗಿಂತ ಮೊದಲು ಬಟ್ಟೆ

ಮಾದರಿ ಎಷ್ಟೇ ಸರಿ ಇರಲಿ, ಬಟ್ಟೆ ತಪ್ಪಿದರೆ ಎಲ್ಲ ತಪ್ಪುತ್ತದೆ. ಪಾಲಿಯೆಸ್ಟರ್ ನೂಲನ್ನು ಇಂಗ್ಲೆಂಡಿನಲ್ಲಿ ಕಂಡುಹಿಡಿದದ್ದೇ 1941ರಲ್ಲಿ. ನಮ್ಮ ಹಳ್ಳಿಗೆ ಅದು ಬರಲು ಎಷ್ಟೋ ವರ್ಷ ಬೇಕಾಯಿತು. ಈಗ ಅಂಗಡಿಯಲ್ಲಿ ಕಾಟನ್ ಎಂದು ಕೊಡುವ ಎಷ್ಟೋ ಸೀರೆಯಲ್ಲಿ ಅದು ಸೇರಿರುತ್ತದೆ.

ಪತ್ತೆ ಮಾಡುವುದು ಸುಲಭ. ಅಂಚಿನಿಂದ ಎರಡು ಎಳೆ ಬಿಡಿಸಿ, ಚಿಮಟದಲ್ಲಿ ಹಿಡಿದು ದೀಪಕ್ಕೆ ತಾಗಿಸಿ. ಹತ್ತಿಯಾದರೆ ಕಾಗದ ಸುಟ್ಟ ವಾಸನೆ, ಮೆತ್ತನೆ ಬೂದಿ. ರೇಷ್ಮೆಯಾದರೆ ಕೂದಲು ಸುಟ್ಟ ವಾಸನೆ, ಬೆರಳಲ್ಲಿ ಪುಡಿಯಾಗುವ ಕಪ್ಪು ಉಂಡೆ. ಪಾಲಿಯೆಸ್ಟರ್ ಕರಗಿ, ಆರಿದ ಮೇಲೆ ಗಟ್ಟಿ ಮಣಿಯಂತೆ ಉಳಿಯುತ್ತದೆ. ಉದ್ದಕ್ಕೆ ಹೋಗುವ ಹಾಸಿನ ಎಳೆ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆ ಎರಡನ್ನೂ ಬೇರೆ ಬೇರೆ ಸುಟ್ಟು ನೋಡಿ. ಎಷ್ಟೋ ಸಲ ಒಂದು ಹತ್ತಿ, ಇನ್ನೊಂದು ಪಾಲಿಯೆಸ್ಟರ್ ಇರುತ್ತದೆ.

ಹಾಗಂತ ಜಾಸ್ತಿ ಮಡಿವಂತಿಕೆಯೂ ಬೇಡ. ಸಹಜ ಬಣ್ಣವೇ ಬೇಕು ಎಂದು ಹಟ ಹಿಡಿಯಬೇಡಿ, ರಾಸಾಯನಿಕ ಬಣ್ಣ 1942ಕ್ಕೆ ಮೊದಲೇ ಬಂದಿತ್ತು. ಕೃತಕ ರೇಷ್ಮೆ ಎಂಬ ರೇಯಾನ್ ಕೂಡ ಆಗಲೇ ಬಂದಿತ್ತು.

ನೇಕಾರರ ಮಾತಿನಲ್ಲೇ ಕೇಳಿ

ಇಳಕಲ್ ಬಾಗಲಕೋಟೆ ಜಿಲ್ಲೆಯಲ್ಲಿದೆ. ಅಲ್ಲಿ ಹೋಗಿ 'ಹಳೇ ಡಿಸೈನ್ ಸೀರೆ ಕೊಡಿ' ಅಂದರೆ ಹತ್ತು ತರಹದ್ದು ಬಿಚ್ಚಿ ಹಾಕುತ್ತಾರೆ. 'ಹತ್ತಿಯ ಒಡಲು, ಚಿಕ್ಕಿ ಪರಾಸ ದಡಿ, ತೋಪು ತೆನಿ ಸೆರಗು' ಅಂದು ನೋಡಿ. ಮಾತಿನ ದಾರಿಯೇ ಬದಲಾಗುತ್ತದೆ. ಒಡಲು ಎಂದರೆ ಸೀರೆಯ ಮೈ, ದಡಿ ಎಂದರೆ ಅಂಚು. ಚಿಕ್ಕಿ ಪರಾಸ, ಗೋಮಿ, ಗಾಡಿ ಎಲ್ಲ ದಡಿಯ ಬಗೆಗಳು. ಸೆರಗಿನ ಚಿತ್ತಾರಕ್ಕೂ ಹೆಸರಿದೆ. ತೋಪು ತೆನಿ ಜೋಳದ ತೆನೆ, ಹಣಿಗೆ ಎಂದರೆ ಬಾಚಣಿಗೆ. ಒಡಲಿನಲ್ಲಿ ಸಣ್ಣ ಗೆರೆ ಅಥವಾ ಚೌಕಳಿ ಇದ್ದರೆ ದಿನದ ಸೀರೆಗೆ ಒಪ್ಪುತ್ತದೆ. ಮದುವೆ ದೃಶ್ಯ ಇದ್ದರೆ ಗಿರಿ ಕುಂಕುಮ ಬಣ್ಣ ಕೇಳಿ.

ಅಸಲಿ ಇಳಕಲ್ಲನ್ನು ಗುರುತಿಸುವ ಜಾಗ ಒಂದೇ. ಸೀರೆಯನ್ನು ತಿರುವಿ ಹಾಕಿ, ಒಡಲು ಮುಗಿದು ಸೆರಗು ಶುರುವಾಗುವ ಗೆರೆಯನ್ನು ಬೆರಳಲ್ಲಿ ಸವರಿ. ಅಲ್ಲಿ ಸಣ್ಣ ಉಬ್ಬು ಸಿಗುತ್ತದೆ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು ಅಥವಾ ಕೃತಕ ರೇಷ್ಮೆಯದು. ಎರಡನ್ನೂ ಒಂದೊಂದೇ ಎಳೆಯಾಗಿ ಕೊಂಡಿ ಹಾಕಿ ಜೋಡಿಸಿರುತ್ತಾರೆ. ನಾನು ಹೋದ ಮನೆಯಲ್ಲಿ ಆ ಕೆಲಸ ಮಾಡುತ್ತಿದ್ದವರು ನೇಕಾರರ ಹೆಂಡತಿ. ನೆಲದ ಮೇಲೆ ಕೂತು, ಬಿಳಿ ಎಳೆಯನ್ನು ಮಡಿಚಿ, ಅದರೊಳಗೆ ಕೆಂಪು ಎಳೆ ತೂರಿಸಿ, ಎಳೆದು, ಮುಂದಿನದಕ್ಕೆ ಹೋಗುತ್ತಿದ್ದರು. ಮಾತಾಡುತ್ತಲೇ ಇದ್ದರು, ಕೈ ಮಾತ್ರ ಒಮ್ಮೆಯೂ ತಪ್ಪಲಿಲ್ಲ. ಪವರ್‌ಲೂಮ್ ನಕಲಿನಲ್ಲಿ ಈ ಕೊಂಡಿ ಇರುವುದಿಲ್ಲ. ಹಾಸು ಒಡಲಿನಿಂದ ಸೆರಗಿನವರೆಗೆ ಒಂದೇ ಸಮ ಹೋಗಿರುತ್ತದೆ.

ಈ ಕೊಂಡಿಯಿಂದ ನಮಗೆ ಇನ್ನೊಂದು ಅನುಕೂಲ ಇದೆ. ಪ್ರತಿ ಸೀರೆಗೂ ಸೆರಗಿನ ಹಾಸು ಬೇರೆ ಜೋಡಿಸಬೇಕಾದ್ದರಿಂದ, ಇಲ್ಲಿ ಒಂದು ಸೀರೆಗೆ ಒಂದು ಹಾಸು. ಅಂದರೆ ಒಂದೇ ಸೀರೆಯನ್ನು ನಮಗೆ ಬೇಕಾದ ಉದ್ದಕ್ಕೆ ನೇಯಿಸಬಹುದು. ನಮ್ಮ ನಾಟಕಕ್ಕೆ ಕಚ್ಚೆ ಸೀರೆ ಬೇಕಿತ್ತು. ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ 6 ಗಜದ್ದು, ಕಚ್ಚೆಗೆ 8 ಅಥವಾ 9 ಗಜ ಬೇಕು. 9 ಗಜ ಎಂದರೆ ಹದಿನೆಂಟು ಮೊಳ, ಸುಮಾರು 8.2 ಮೀಟರ್. ಹಾಸು ಹಾಕುವ ಮೊದಲೇ ಹೇಳಬೇಕು, ಆಮೇಲೆ ಉದ್ದ ಮಾಡಲು ಬರುವುದಿಲ್ಲ. ಕಡಿಮೆ ಎಂದರೂ ಎರಡು ತಿಂಗಳು ಮುಂಚೆ ಹೇಳಿ, ಮುಂಗಡ ಕೊಡಿ, ದರಕ್ಕೆ ಎಳೆದಾಡಬೇಡಿ.

ಕುಪ್ಪಸಕ್ಕೆ ಖಣ

ಬಾಗಲಕೋಟೆ ಜಿಲ್ಲೆಯದೇ ಗುಳೇದಗುಡ್ಡದಲ್ಲಿ ಖಣ ಎಂಬ ಕುಪ್ಪಸದ ಬಟ್ಟೆ ನೇಯುತ್ತಾರೆ. ಸೂಜಿ ಮಲ್ಲಿಗೆ, ತೇರು ಮುಂತಾದ ಪುಟ್ಟ ಚಿತ್ತಾರಗಳು ಮಗ್ಗದಲ್ಲೇ ಮೂಡುತ್ತವೆ, ಮೇಲಿಂದ ಅಚ್ಚು ಹೊಡೆದದ್ದಲ್ಲ. ತಿರುವಿ ನೋಡಿ, ಅಚ್ಚಿನದಾದರೆ ಹಿಂಬದಿ ಮಂಕಾಗಿರುತ್ತದೆ. ದಡಿ ತೋಳಿನ ತುದಿಗೆ ಬರುವ ಹಾಗೆ ಕತ್ತರಿಸಲು ದರ್ಜಿಗೆ ಹೇಳಿ. ಮುಂದುಗಡೆ ಗಂಟು ಹಾಕುವ ಕುಪ್ಪಸವನ್ನು ವಯಸ್ಸಾದ ದರ್ಜಿಗಳು ಈಗಲೂ ಹೊಲಿಯುತ್ತಾರೆ. ಬೆನ್ನಿಗೆ ಜಿಪ್, ಆಳದ ಕತ್ತು, ಒಳಗೆ ಕಪ್ ಯಾವುದೂ ಬೇಡ.

ಕಸೂತಿ ಇದ್ದರೆ ಹಿಂಬದಿ ನೋಡಿ

ಧಾರವಾಡದ ಕಡೆಯ ಕಸೂತಿಯಲ್ಲಿ ಗಾವಂತಿ, ಮುರ್ಗಿ, ನೇಗಿ, ಮೆಂಥಿ ಎಂದು ನಾಲ್ಕು ಹೊಲಿಗೆ. ಚಿತ್ರ ಬರೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಹಾಕುತ್ತಾರೆ. ಗಂಟು ಹಾಕುವುದಿಲ್ಲ. ಗಾವಂತಿ ಎರಡೂ ಬದಿ ಒಂದೇ ತರಹ ಕಾಣುತ್ತದೆ. ಮಶಿನ್ ಕೆಲಸದ ಹಿಂಬದಿಯಲ್ಲಿ ಬೇರೆ ದಾರ, ಕೆಲವು ಸಲ ಅಂಟಿಸಿದ ಕಾಗದವೂ ಇರುತ್ತದೆ. ಕೈಕಸೂತಿಗೆ ದುಡ್ಡು ಜಾಸ್ತಿ. ಅದಕ್ಕೆ ನಾನು ಕತೆಯ ಮನೆಯ ಹಿರಿಯ ಸೊಸೆಯ ಚಂದ್ರಕಾಳಿ ಎಂಬ ಕಪ್ಪು ಸೀರೆ ಒಂದಕ್ಕೆ ಮಾತ್ರ ತೇರು, ಗೋಪುರ ಹಾಕಿಸಿದೆ. ಉಳಿದವರದು ಬರೀ ಸೀರೆ. ಹಳ್ಳಿಯಲ್ಲಿ ಎಲ್ಲರ ಮೈಮೇಲೂ ಕಸೂತಿ ಇರುತ್ತಿರಲಿಲ್ಲ, ಅಲ್ವಾ?

ಗಂಡಸರದು

ಇದು ಸುಲಭ. ಧೋತರ, ಅಂಗಿ, ಟೊಪ್ಪಿಗೆ ಎಲ್ಲಕ್ಕೂ ಖಾದಿ ಭಂಡಾರ ಸಾಕು. ಹುಬ್ಬಳ್ಳಿಯ ಬೆಂಗೇರಿ, ಧಾರವಾಡದ ಹತ್ತಿರದ ಗರಗ ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಊರುಗಳು. ಕೈಯಲ್ಲಿ ನೂತು ಕೈಯಲ್ಲಿ ನೇಯ್ದರೆ ಮಾತ್ರ ಖಾದಿ, ಇದನ್ನು ಕೇಳಿಯೇ ತೆಗೆದುಕೊಳ್ಳಿ. ಅಪ್ಪಟ ಬಿಳಿಗಿಂತ ಅರಳೆಯ ಬಣ್ಣದ್ದು ಒಳ್ಳೆಯದು. ಧ್ವಜ ಹಿಡಿಯುವ ದೃಶ್ಯ ಇದ್ದರೆ ಒಂದು ಮಾತು: 1942ರ ಧ್ವಜದ ನಡುವೆ ಚರಕ ಇರಬೇಕು. ಅಶೋಕ ಚಕ್ರ ಬಂದದ್ದು 1947ರ ಜುಲೈನಲ್ಲಿ.

ಹೊಸತನ ತೆಗೆಯಿರಿ

ಅದು ಯುದ್ಧದ ಕಾಲ. 1943ರಲ್ಲಿ ಸರ್ಕಾರ ಬಟ್ಟೆ, ನೂಲಿನ ಮೇಲೆ ನಿಯಂತ್ರಣ ತರುವಷ್ಟು ಕೊರತೆ ಬಂತು. ಒಂದೇ ಸೀರೆ ವರ್ಷಗಟ್ಟಲೆ ಉಟ್ಟ ಜನ ಅವರು. ಆದ್ದರಿಂದ ತಂದ ಬಟ್ಟೆಯನ್ನು ನಾಲ್ಕೈದು ಸಲ ಒಗೆದು ಬಿಸಿಲಿಗೆ ಹಾಕಿ. ಹೊಳಪು ಕೊಡುವ ಸೋಪಿನ ಪುಡಿ ಬಳಸಬೇಡಿ, ಕೆಲವು ಸ್ಟೇಜ್ ಲೈಟಿನಲ್ಲಿ ಅದು ನೀಲಿಯಾಗಿ ಮಿನುಗುತ್ತದೆ. ಮಂಡಿ, ಹೆಗಲು, ಟೊಪ್ಪಿಗೆಯ ಅಂಚು ಸವೆಯಬೇಕಾದ ಜಾಗಗಳು. ಒಂದೆರಡು ತೇಪೆ ಹಾಕಿ, ಕೈಹೊಲಿಗೆಯಲ್ಲೇ. ಎಲ್ಲವನ್ನೂ ಚಹಾ ನೀರಿನಲ್ಲಿ ಅದ್ದಿ ಕಂದು ಮಾಡುವ ರೂಢಿ ಇದೆ. ಅದು ನನಗೆ ಇಷ್ಟವಿಲ್ಲ. ಬಡವರ ಬಟ್ಟೆ ಹಳೆಯದಿತ್ತು, ಕೊಳೆಯಾಗಿರಲಿಲ್ಲ.

ಸೀರೆಗೆ ಫಾಲ್ ಹಚ್ಚಬೇಡಿ, ಅದು ಈಚಿನ ರೂಢಿ. ಕಚ್ಚೆಗೆ ಒಳಲಂಗವೂ ಬೇಡ. ಕಚ್ಚೆ ಹಾಕುವುದನ್ನು ಉಟ್ಟು ಅಭ್ಯಾಸವಿದ್ದ ಹಿರಿಯರಿಂದಲೇ ಕಲಿಯಿರಿ. ನಮ್ಮ ಹುಡುಗಿಯರಿಗೆ ಕಲಿಸಿದ್ದು ಅದೇ ಅಜ್ಜಿ. ಪ್ರದರ್ಶನಕ್ಕೆ ಹತ್ತು ದಿನ ಮೊದಲಿನಿಂದ ತಾಲೀಮಿನಲ್ಲಿ ಆ ಸೀರೆಗಳನ್ನೇ ಉಡಿಸಿದೆವು. ನಾಲ್ಕನೇ ದಿನಕ್ಕೆ ಹುಡುಗಿಯರು ಸೆರಗನ್ನು ಮತ್ತೆ ಮತ್ತೆ ಸರಿಮಾಡಿಕೊಳ್ಳುವುದನ್ನು ಬಿಟ್ಟಿದ್ದರು. ಅದನ್ನು ಸೊಂಟಕ್ಕೆ ಸಿಕ್ಕಿಸಿ ಕೊಡ ಎತ್ತುತ್ತಿದ್ದರು.